ಬಿಲ್ ಬರುವ ಮೊದಲೇ ಎದ್ದು ಹೋದ ಹುಡುಗ

ಪ್ರಶ್ನೆ: ಮೇಡಂ, ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದೇನೆ. ನಮ್ಮ ಕ್ಲಾಸಿನ ಒಬ್ಬ ಹುಡುಗಿ ನನಗೆ ತುಂಬಾ ಇಷ್ಟ. ಅವಳಿಗೂ ನಾನು ಇಷ್ಟ ಅನ್ನಿಸುತ್ತದೆ. ಲೈಬ್ರರಿಯಲ್ಲಿ ಪಕ್ಕದ ಕುರ್ಚಿಯ ಮೇಲೆ ಬ್ಯಾಗ್ ಇಟ್ಟು ನನಗೆ ಜಾಗ ಹಿಡಿದಿರುತ್ತಾಳೆ. ಗಂಟೆಗಟ್ಟಲೆ ಮಾತಾಡುತ್ತೇವೆ. ಅವಳ ಮನೆಯವರು ಅನುಕೂಲಸ್ಥರು. ನನ್ನ ಅಪ್ಪ ದಿನಗೂಲಿಗೆ ಹೋಗುತ್ತಾರೆ. ನಾನು ಸ್ಕಾಲರ್‌ಶಿಪ್ಪಿನಲ್ಲಿ ಓದುತ್ತಾ ಸಂಜೆ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಹೋದ ತಿಂಗಳು ಗೆಳೆಯರೆಲ್ಲ ಸೇರಿ ಹೊರಗೆ ಊಟಕ್ಕೆ ಹೋಗಿದ್ದೆವು. ಬಿಲ್ ಬರುವ ಮೊದಲು ವಾಶ್‌ರೂಮಿಗೆ ಹೋಗಿ ಖಾತೆಯಲ್ಲಿ ಎಷ್ಟಿದೆ ಅಂತ ಫೋನಿನಲ್ಲಿ ನೋಡಿದೆ. ನನ್ನ ಪಾಲು ಕೊಡುವಷ್ಟೂ ಇರಲಿಲ್ಲ. 'ಮನೆಯಿಂದ ಅರ್ಜೆಂಟ್ ಫೋನ್' ಅಂತ ಸುಳ್ಳು ಹೇಳಿ ಹೊರಟುಬಿಟ್ಟೆ. ಆಮೇಲೆ ಅವಳು ಎಲ್ಲಿಗೆ ಕರೆದರೂ ಏನೋ ಒಂದು ನೆಪ ಹೇಳುತ್ತಿದ್ದೇನೆ. 'ಹುಡುಗಿಯರು ಕೊನೆಗೆ ನೋಡೋದು ದುಡ್ಡನ್ನೇ, ನೀನು ಸುಮ್ನೆ ಓದ್ಕೋ' ಅನ್ನುತ್ತಾನೆ ರೂಮ್‌ಮೇಟ್. ಅದು ನಿಜವಾ ಮೇಡಂ? ದುಡ್ಡಿಲ್ಲದವನು ಯಾರನ್ನೂ ಇಷ್ಟಪಡಲೇಬಾರದಾ?
(ಹೆಸರು ಬೇಡ)

ಉತ್ತರ: ನಿನ್ನ ಪತ್ರ ಎರಡು ದಿನ ನನ್ನ ಮೇಜಿನ ಮೇಲೇ ಇತ್ತು. ನಾನು ಬಹಳ ವರ್ಷ ಅರ್ಥಶಾಸ್ತ್ರ ಪಾಠ ಮಾಡಿದವಳು, ನಿನ್ನ ವಯಸ್ಸಿನ ಹುಡುಗರನ್ನು ಬೆಂಚುಗಟ್ಟಲೆ ನೋಡಿದವಳು. ಅದಕ್ಕೇ ಸಲುಗೆಯಿಂದ 'ನೀನು' ಅನ್ನುತ್ತೇನೆ, ಬೇಜಾರು ಮಾಡ್ಕೋಬೇಡ.

ಮೊದಲು ನಿನ್ನ ರೂಮ್‌ಮೇಟ್ ಮಾತು. ಅದರಲ್ಲಿ ಒಂದು ಚೂರು ನಿಜ ಇದೆ, ಅದನ್ನು ಮುಚ್ಚಿಡುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಬಸ್ 1989ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟಿಸಿದರು. 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು 'ಸಂಗಾತಿಯಲ್ಲಿ ಏನು ಮುಖ್ಯ' ಅಂತ ಕೇಳಿದ್ದರು. ಸಂಪಾದನೆಗೆ ಗಂಡಸರಿಗಿಂತ ಹೆಂಗಸರು ಜಾಸ್ತಿ ಬೆಲೆ ಕೊಟ್ಟಿದ್ದರು, ಬಹುತೇಕ ಎಲ್ಲ ಕಡೆಯೂ. ನಿನ್ನ ರೂಮ್‌ಮೇಟ್‌ನಂಥವರು ಇಷ್ಟು ಕೇಳಿ ಎದ್ದು ಹೋಗುತ್ತಾರೆ. ಅದೇ ಅಧ್ಯಯನದಲ್ಲಿ ಗಂಡಸರೂ ಹೆಂಗಸರೂ ಸಂಪಾದನೆಗಿಂತ, ರೂಪಕ್ಕಿಂತ ಮೇಲೆ ಇಟ್ಟದ್ದು ಒಳ್ಳೆಯತನವನ್ನು, ಅರ್ಥ ಮಾಡಿಕೊಳ್ಳುವ ಗುಣವನ್ನು, ಬುದ್ಧಿಯನ್ನು. ಹತ್ತು ವರ್ಷದ ನಂತರ, 1999ರಲ್ಲಿ, ಆಲಿಸ್ ಈಗ್ಲಿ ಮತ್ತು ವೆಂಡಿ ವುಡ್ ಅದೇ ಅಂಕಿಅಂಶಗಳನ್ನು ಮತ್ತೆ ಕೂತು ನೋಡಿದರು. ಹೆಣ್ಣು ಗಂಡಿನ ನಡುವೆ ಸಮಾನತೆ ಹೆಚ್ಚಿದ್ದ ದೇಶಗಳಲ್ಲಿ ಈ ವ್ಯತ್ಯಾಸ ಕಡಿಮೆ ಇತ್ತು. ತಾನೇ ದುಡಿಯುವ ದಾರಿ ಮುಚ್ಚಿದ್ದರೆ ದುಡಿಯುವವನನ್ನು ಹುಡುಕಬೇಕಾಗುತ್ತದೆ, ಅಲ್ವಾ? ಅದನ್ನು ದುರಾಸೆ ಅಂತ ಕರೆಯೋದು ನನಗೆ ಸರಿ ಕಾಣುವುದಿಲ್ಲ.

ಇನ್ನೊಂದು ಇದೆ, ಇದು ನಿನ್ನಂಥ ಕಾಲೇಜು ಹುಡುಗರ ಮೇಲೇ ಮಾಡಿದ್ದು. ಪಾಲ್ ಈಸ್ಟ್‌ವಿಕ್ ಮತ್ತು ಎಲಿ ಫಿಂಕೆಲ್ 2008ರಲ್ಲಿ ಪ್ರಕಟಿಸಿದ್ದು. 163 ವಿದ್ಯಾರ್ಥಿಗಳನ್ನು 'ನಿಮಗೆ ಎಂಥವರು ಬೇಕು' ಅಂತ ಮೊದಲೇ ಕೇಳಿ ಬರೆದಿಟ್ಟುಕೊಂಡರು. ಆಮೇಲೆ ಒಬ್ಬೊಬ್ಬರ ಜೊತೆ ಕೆಲವೇ ನಿಮಿಷ ಎದುರುಬದುರು ಕೂರಿಸಿ ಮಾತಾಡಿಸಿದರು. 'ಚೆನ್ನಾಗಿ ಸಂಪಾದಿಸುವವರು ಬೇಕು' ಅಂತ ಬರೆದವರು ಅಂಥವರನ್ನೇ ಜಾಸ್ತಿ ಇಷ್ಟಪಟ್ಟರಾ ಅಂದರೆ, ಇಲ್ಲ. ಬರೆದುಕೊಟ್ಟದ್ದೇ ಒಂದು, ಎದುರಿಗೆ ಕೂತಾಗ ಮನಸ್ಸು ಹೋದದ್ದೇ ಇನ್ನೊಂದು ಕಡೆ.

ಈಗ ನನ್ನನ್ನು ಎರಡು ದಿನ ಕಾಡಿದ ಸಾಲಿಗೆ ಬರುತ್ತೇನೆ. ವಾಶ್‌ರೂಮಿನಲ್ಲಿ ಫೋನ್ ನೋಡಿದ್ದು.

ನಿನ್ನ ಪತ್ರವನ್ನು ಇನ್ನೊಂದು ಸಲ ನೀನೇ ಓದಿನೋಡು. ಲೈಬ್ರರಿ ವಿಷಯ ಬಂದಾಗ ಅವಳು ಬ್ಯಾಗ್ ಎಲ್ಲಿ ಇಟ್ಟಿರುತ್ತಾಳೆ ಅಂತಲೂ ಬರೆದಿದ್ದೀಯ. ಊಟದ ದಿನದ ಬಗ್ಗೆ ಬರೆಯುವಾಗ ಅವಳು ಪತ್ರದಲ್ಲೇ ಇಲ್ಲ. ಏನು ಹೇಳಿದಳು, ಯಾವುದಕ್ಕೆ ನಕ್ಕಳು, ನಿನ್ನ ಪಕ್ಕ ಕೂತಿದ್ದಳಾ ಎದುರು ಕೂತಿದ್ದಳಾ, ಒಂದೂ ಇಲ್ಲ. ಯಾಕೆ ಅಂದರೆ ಆ ಹೊತ್ತು ಪೂರ್ತಿ ನಿನ್ನ ತಲೆ ಲೆಕ್ಕ ಹಾಕುತ್ತಿತ್ತು. ಯಾರು ಏನು ಆರ್ಡರ್ ಮಾಡಿದರು, ಎಷ್ಟಾಯಿತು, ಎಷ್ಟು ಜನರಿಗೆ ಭಾಗ ಮಾಡಬೇಕು.

ಇದು ನಿನ್ನ ಮನಸ್ಸಿನ ದೌರ್ಬಲ್ಯ ಅಂದುಕೊಳ್ಳಬೇಡ. ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್ ಮತ್ತು ಅವರ ಜೊತೆಗಾರರು 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಮಿಳುನಾಡಿನ ಕಬ್ಬು ಬೆಳೆಗಾರರಿಗೆ ಗಮನ ಮತ್ತು ತರ್ಕದ ಪರೀಕ್ಷೆ ಕೊಟ್ಟರು. ಕೊಯ್ಲಿಗೆ ಮೊದಲು, ಕೈ ಬರಿದಾಗಿರುವಾಗ ಒಂದು ಸಲ. ಕೊಯ್ಲಾದ ಮೇಲೆ, ಕೈಗೆ ಹಣ ಬಂದಾಗ ಇನ್ನೊಂದು ಸಲ. ಅದೇ ರೈತ, ಅದೇ ತಲೆ. ಆದರೆ ಕೊಯ್ಲಿಗೆ ಮೊದಲು ಮಾಡಿದ್ದಕ್ಕಿಂತ ಕೊಯ್ಲಿನ ನಂತರ ಚೆನ್ನಾಗಿ ಮಾಡಿದರು. ಹಣದ ಚಿಂತೆ ತಲೆಯೊಳಗೆ ಜಾಗ ಹಿಡಿದು ಕೂರುತ್ತದೆ, ಬೇರೆಯದಕ್ಕೆ ಉಳಿಯೋದು ಕಡಿಮೆ ಅನ್ನುವುದು ಅವರ ವಿವರಣೆ. ಇದನ್ನು ಮೊದಲು ಓದಿದಾಗ ನನಗೆ ನೆನಪಾದದ್ದು ಪರೀಕ್ಷೆ ಫೀಸ್ ಕಟ್ಟದೆ ಕ್ಲಾಸಿನಲ್ಲಿ ಕೂತ ಮಕ್ಕಳ ಮುಖ. ಈಗ ನೀನು ಸೇರಿಕೊಂಡೆ. ಬಡತನ ನಿನ್ನಿಂದ ಆ ದಿನ ಕಿತ್ತುಕೊಂಡದ್ದು ಬರೀ ನಿನ್ನ ಪಾಲಿನ ದುಡ್ಡನ್ನಲ್ಲ ಕಣೋ. ಅವಳ ಜೊತೆಗಿನ ಎರಡು ಗಂಟೆಯನ್ನೂ ಕಿತ್ತುಕೊಂಡಿತು. ನನಗೆ ಸಿಟ್ಟು ಬರೋದು ಇದಕ್ಕೆ.

ನನ್ನದೊಂದು ಹಳೆಯ ವಿಷಯ ಹೇಳಬೇಕು. ಓದುವಾಗ ನಾನು ಅನುಕೂಲ ಇದ್ದ ಮನೆಯವಳು. ನನ್ನ ಕ್ಲಾಸಿನಲ್ಲಿ ಒಬ್ಬನಿದ್ದ, ಬಹಳ ಚೆನ್ನಾಗಿ ಮಾತಾಡುತ್ತಿದ್ದ. ನನಗೆ ಅವನನ್ನು ಕಂಡರೆ ಏನೋ ಸಂತೋಷ. ನಾವೆಲ್ಲ ತಿನ್ನಲು ಹೊರಟರೆ ಅವನು ಪ್ರತಿ ಸಲ 'ನನಗೆ ಹಸಿವಿಲ್ಲ, ನೀವು ಹೋಗಿ ಬನ್ನಿ' ಅನ್ನುತ್ತಿದ್ದ. ನಾನು ನಂಬಿದೆ. ಕೂತಾಗ ಯಾವಾಗಲೂ ಎರಡೂ ಕಾಲನ್ನು ಬೆಂಚಿನ ಕೆಳಗೆ ಹಿಂದಕ್ಕೆ ಎಳೆದುಕೊಂಡು ಕೂರುತ್ತಿದ್ದ. ಅದು ಅವನ ಅಭ್ಯಾಸ ಅಂದುಕೊಂಡಿದ್ದೆ. ಒಂದು ದಿನ ಮೆಟ್ಟಿಲು ಇಳಿಯುವಾಗ ಅವನು ಇದ್ದಕ್ಕಿದ್ದಂತೆ ಬಗ್ಗಿದ. ಚಪ್ಪಲಿಯ ಉಂಗುಷ್ಠ ಕಿತ್ತಿತ್ತು, ಅದನ್ನು ಪಿನ್ನಿನಿಂದ ಹಿಡಿಸಿದ್ದ, ಆ ಪಿನ್ನು ಬಿಚ್ಚಿಕೊಂಡಿತ್ತು. ನಾನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ. ಮಾರನೇ ದಿನದಿಂದ ಅವನು ಬೇರೆ ಬೆಂಚಿಗೆ ಹೋದ. ನಾನೇನೋ ತಪ್ಪು ಮಾಡಿದೆ, ಅವನಿಗೆ ನಾನು ಬೇಡವಾದೆ ಅಂತಲೇ ನಾನು ತಿಳಿದದ್ದು. ಕೇಳುವ ಧೈರ್ಯ ಬರಲಿಲ್ಲ. 'ಹಸಿವಿಲ್ಲ' ಅನ್ನುವ ಮಾತಿನ ಅರ್ಥ ನನಗೆ ಹೊಳೆಯಲು ಪಾಠ ಹೇಳುವ ಕಡೆ ನಿಲ್ಲಬೇಕಾಯಿತು. ಅಷ್ಟರಲ್ಲಿ ಅವನು ಎಲ್ಲಿದ್ದಾನೆ ಅಂತಲೂ ಗೊತ್ತಿರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ. ಅವಳಿಗೆ ನಿನ್ನ ಖಾತೆಯಲ್ಲಿ ಎಷ್ಟಿದೆ ಅಂತ ಗೊತ್ತಿಲ್ಲ. ಅವಳಿಗೆ ಗೊತ್ತಿರೋದು ನೀನು ಊಟದ ಮಧ್ಯೆ ಎದ್ದು ಹೋದೆ, ಆಮೇಲೆ ಕರೆದಾಗಲೆಲ್ಲ ಬರಲಿಲ್ಲ ಅನ್ನೋದು ಅಷ್ಟೇ. ಅದನ್ನು ಅವಳು ಹೇಗೆ ಓದಿಕೊಳ್ಳುತ್ತಿರಬಹುದು ಯೋಚಿಸು.

ಹೋಗಿ ಹೇಳು. ರಾತ್ರಿ ಮೆಸೇಜಿನಲ್ಲಿ ಬೇಡ, ಅದು ಉದ್ದ ಆಗುತ್ತದೆ, ಕಣ್ಣೀರಿನ ಕಥೆ ಆಗುತ್ತದೆ. ಹಗಲಲ್ಲಿ, ಅದೇ ಲೈಬ್ರರಿಯ ಹೊರಗೆ ನಿಂತು ಹೇಳು. 'ಅವತ್ತು ಫೋನ್ ಬಂದಿರಲಿಲ್ಲ. ನನ್ನ ಹತ್ತಿರ ದುಡ್ಡಿರಲಿಲ್ಲ, ನಾಚಿಕೆ ಆಯ್ತು, ಅದಕ್ಕೆ ಹೋದೆ. ನಿನ್ನ ಜೊತೆ ಇರೋದು ನನಗಿಷ್ಟ. ಹೊರಗೆ ಖರ್ಚು ಮಾಡೋದು ನನ್ನಿಂದ ಆಗಲ್ಲ.' ಇಷ್ಟು ಸಾಕು. ಅಪ್ಪನ ಕೂಲಿ, ಮನೆಯ ಕಷ್ಟ ಎಲ್ಲ ಅವತ್ತೇ ಬೇಡ. ಮುಂದೆ ಅವಳಾಗಿ ಕೇಳಿದರೆ ಹೇಳುವಿಯಂತೆ. ಮರುಕ ಹುಟ್ಟಿಸಿ ಪಡೆದದ್ದನ್ನು ನೀನೇ ಆಮೇಲೆ ನಂಬುವುದಿಲ್ಲ.

ಮತ್ತೆ ಒಂದು ಮಾತು, ಇದರಲ್ಲಿ ನಾನು ಕಟ್ಟುನಿಟ್ಟು. ಸಾಲ ಮಾಡಿ ಸುತ್ತಬೇಡ. ಫೋನಿನಲ್ಲಿ ಎರಡು ನಿಮಿಷಕ್ಕೆ ಸಾಲ ಕೊಡುವವರು ಇದ್ದಾರೆ, ಗೆಳೆಯರೂ ಕೊಡಬಹುದು. ಒಂದು ಸಂಜೆ ಅವಳ ಸಮಕ್ಕೆ ಕಾಣಲು ಹೋಗಿ ಆರು ತಿಂಗಳು ಬಡ್ಡಿ ಕಟ್ಟಿದವರನ್ನು ನಾನು ಕಂಡಿದ್ದೇನೆ. ಅವರ ತಲೆಯಲ್ಲಿ ಹುಡುಗಿಗೂ ಜಾಗ ಉಳಿಯಲಿಲ್ಲ, ಓದಿಗೂ ಉಳಿಯಲಿಲ್ಲ.

ಲೈಬ್ರರಿಯನ್ನು ಕಡಿಮೆ ಅಂದುಕೊಳ್ಳಬೇಡ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ 1992ರಲ್ಲಿ ಹೀಗೊಂದು ಪ್ರಯೋಗ ಆಯಿತು. ನಾಲ್ಕು ಯುವತಿಯರು. ಒಬ್ಬಳು ಒಂದು ದೊಡ್ಡ ಕ್ಲಾಸಿಗೆ 15 ಸಲ ಬಂದು ಕೂತು ಹೋದಳು, ಒಬ್ಬಳು 10 ಸಲ, ಒಬ್ಬಳು 5 ಸಲ, ಒಬ್ಬಳು ಬರಲೇ ಇಲ್ಲ. ಯಾರ ಜೊತೆಗೂ ಮಾತಿಲ್ಲ. ಕೊನೆಗೆ ನಾಲ್ವರ ಫೋಟೋ ತೋರಿಸಿದರೆ, ಜಾಸ್ತಿ ಸಲ ಬಂದವಳೇ ವಿದ್ಯಾರ್ಥಿಗಳಿಗೆ ಜಾಸ್ತಿ ಇಷ್ಟವಾದಳು. ಸುಮ್ಮನೆ ಕೂತು ಹೋದದ್ದಕ್ಕೇ ಅಷ್ಟು. ನೀವಿಬ್ಬರೂ ಗಂಟೆಗಟ್ಟಲೆ ಮಾತಾಡಿದ್ದೀರಿ. ಅದಕ್ಕೆ ಒಂದು ಪೈಸೆ ಖರ್ಚಾಗಿಲ್ಲ.

ಹೇಳಿದ ಮೇಲೆ ಎಲ್ಲ ಸರಿಹೋಗುತ್ತದೆ ಅಂತ ನಾನು ಮಾತು ಕೊಡಲಾರೆ. ಅವಳು ಒಲ್ಲೆ ಅನ್ನಬಹುದು. ಅದಕ್ಕೆ ಹಣ ಕಾರಣ ಇರಬಹುದು, ಹಣಕ್ಕೆ ಸಂಬಂಧವೇ ಇಲ್ಲದ ಏನೋ ಇರಬಹುದು. ಆಗ ರೂಮ್‌ಮೇಟ್ ಮಾತು ನಿಜವಾಯಿತು ಅಂತ ಎಲ್ಲ ಹುಡುಗಿಯರ ಮೇಲೂ ಹಾಕಬೇಡ. ಒಬ್ಬಳು ತನ್ನ ಮನಸ್ಸು ಹೇಳಿದ್ದು, ಅಷ್ಟೇ ಅದು. ಒಪ್ಪಿದರೂ ಅಂತರ ಮಾಯ ಆಗುವುದಿಲ್ಲ. ರಜೆಯಲ್ಲಿ ಅವಳು ಊರು ಸುತ್ತುವಾಗ ನೀನು ದುಡಿಯುತ್ತಿರುತ್ತೀಯ. ಓದು ಮುಗಿದ ಮೇಲೆ ಅವಳು ಒಳ್ಳೆಯ ಕೆಲಸಕ್ಕೆ ಕಾಯಬಲ್ಲಳು, ನೀನು ಸಿಕ್ಕಿದ್ದನ್ನು ಹಿಡಿಯಬೇಕು. ಆ ದಿನ ಮತ್ತೆ ನೆಪ ಹೇಳಬೇಕು ಅನ್ನಿಸುತ್ತದೆ. ಒಂದು ಸಲ ನಿಜ ಹೇಳಿದವನಿಗೆ ಎರಡನೇ ಸಲ ಹೇಳೋದು ಸ್ವಲ್ಪ ಸಲೀಸು.

ಅಂದಹಾಗೆ, ಆ ಊಟದಲ್ಲಿ ನಿನ್ನ ಪಾಲು ಯಾರೋ ಕೊಟ್ಟಿರಬೇಕಲ್ಲ? ಯಾರು ಅಂತ ಕೇಳಿ, ಸಂಬಳ ಬಂದಾಗ ಕೊಟ್ಟುಬಿಡು.

ಪ್ರಶ್ನೆ: ಮೇಡಂ, ನಮ್ಮದು ಅನುಕೂಲ ಇರುವ ಮನೆ. ನನ್ನ ಬಾಯ್‌ಫ್ರೆಂಡ್ ಹತ್ತಿರ ದುಡ್ಡಿರುವುದಿಲ್ಲ, ನಾನೇ ಬಿಲ್ ಕೊಟ್ಟರೆ ಮುಖ ಸಪ್ಪಗಾಗುತ್ತದೆ. ಹುಟ್ಟುಹಬ್ಬಕ್ಕೆ ಒಳ್ಳೆಯ ಇಯರ್‌ಫೋನ್ ಕೊಟ್ಟೆ. ಇನ್ನೂ ಪೆಟ್ಟಿಗೆ ತೆರೆದಿಲ್ಲ. ನಾನು ಪ್ರೀತಿಯಿಂದ ಕೊಟ್ಟಿದ್ದು. ಅವನ ಅಹಂಕಾರ ಅಲ್ವಾ ಇದು?
(ಬಿ.ಕಾಂ. ವಿದ್ಯಾರ್ಥಿನಿ)

ಉತ್ತರ: ಮೇಲಿನ ಹುಡುಗನ ಪತ್ರ ಓದಿದೆಯಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಅಹಂಕಾರ ಅನ್ನುವ ಶಬ್ದವನ್ನು ಬಿಟ್ಟುಬಿಡು ಮಗಳೇ.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ ಉಡುಗೊರೆಯ ಬಗ್ಗೆ 1925ರಲ್ಲಿ ಬರೆದರು. ಎಷ್ಟೇ ಪ್ರೀತಿಯಿಂದ ಕೊಟ್ಟರೂ ತಗೊಂಡವನ ಮೇಲೆ ವಾಪಸ್ ಕೊಡುವ ಭಾರ ಬೀಳುತ್ತದೆ ಅನ್ನುವುದು ಅವರ ಮಾತಿನ ತಿರುಳು. ನಿನ್ನ ಹುಡುಗ ಆ ಪೆಟ್ಟಿಗೆ ನೋಡಿದಾಗಲೆಲ್ಲ ನಿನ್ನ ಹುಟ್ಟುಹಬ್ಬಕ್ಕೆ ಎಷ್ಟು ದಿನ ಉಳಿದಿದೆ ಅಂತ ಎಣಿಸುತ್ತಿರುತ್ತಾನೆ.

ನೀನು ಮಾಡಬಹುದಾದದ್ದು ಸಣ್ಣದು. ಎಲ್ಲಿಗೆ ಹೋಗೋದು ಅಂತ ಅವನು ಹೇಳಲಿ, ಪ್ರತಿ ಸಲವೂ ಮೊದಲು ಅವನೇ ಹೇಳಲಿ. ದುಡ್ಡಿರುವವರು ಜಾಗ ಆರಿಸಿದರೆ ಖರ್ಚನ್ನೂ ಅವರೇ ಆರಿಸಿದ ಹಾಗೆ. 'ನಾನು ಕೊಡ್ತೀನಿ ಬಿಡು' ಅನ್ನುವ ಮಾತು ಅದರ ಮೇಲೆ ಬಂದರೆ ಅವನಿಗೆ ಮಾತಾಡಲು ಏನೂ ಉಳಿಯುವುದಿಲ್ಲ. ಪಾರ್ಕಿನಲ್ಲಿ ನಡೆಯೋಣ ಅಂದರೆ ನಡಿ. ಬಿಸಿಲಾಯಿತು ಅಂತ ಕ್ಯಾಬ್ ಕರೆಯಬೇಡ.

ಅವನ ಹತ್ತಿರವೂ ಏನೋ ಇರುತ್ತದೆ, ಕೇಳಿ ತಗೋ. ಗಣಿತ ಬರುತ್ತಾ? ಸೈಕಲ್ ರಿಪೇರಿ ಗೊತ್ತಾ? ಪರೀಕ್ಷೆಗೆ ನಿನಗೆ ಪಾಠ ಹೇಳಿಕೊಡಲಿ, ನಿಜವಾಗಿ ಕೂತು ಕಲಿತುಕೋ. ಅವನು ಕೊಟ್ಟದ್ದನ್ನು ನೀನು ಉಪಯೋಗಿಸುವುದು ಅವನ ಕಣ್ಣಿಗೆ ಬೀಳಬೇಕು.

ನಿಮ್ಮಿಬ್ಬರ ಸ್ನೇಹ ಸುಲಭಕ್ಕೆ ಸಿಗುವಂಥದ್ದಲ್ಲ. ರಾಜ್ ಚೆಟ್ಟಿ ಮತ್ತು ಸಂಗಡಿಗರು 2022ರಲ್ಲಿ ಅಮೆರಿಕದ 7.2 ಕೋಟಿ ಫೇಸ್‌ಬುಕ್ ಬಳಕೆದಾರರ ಸ್ನೇಹಗಳನ್ನು ಅಧ್ಯಯನ ಮಾಡಿದರು. ಬಡವರಿಗೂ ಶ್ರೀಮಂತರಿಗೂ ನಡುವೆ ಸ್ನೇಹ ಕಡಿಮೆ ಇರಲು ಅರ್ಧ ಕಾರಣ, ಅವರು ಒಂದೇ ಕಡೆ ಸೇರುವುದೇ ಇಲ್ಲ ಅನ್ನೋದು. ಇನ್ನರ್ಧ, ಒಂದೇ ಕಡೆ ಇದ್ದರೂ ಒಬ್ಬರನ್ನೊಬ್ಬರು ಸ್ನೇಹಿತರಾಗಿ ಮಾಡಿಕೊಳ್ಳುವುದಿಲ್ಲ. ನೀವು ಎರಡನ್ನೂ ದಾಟಿ ಬಂದಿದ್ದೀರಿ.

ಇಯರ್‌ಫೋನ್ ವಿಷಯ ಮತ್ತೆ ಎತ್ತಬೇಡ. ಪೆಟ್ಟಿಗೆ ಅಲ್ಲೇ ಇರಲಿ. ತೆರೆಯಬೇಕು ಅನ್ನಿಸಿದ ದಿನ ಅವನೇ ತೆರೆಯುತ್ತಾನೆ.