ಆ ಮರದ ಹಂದಿ ಎಲ್ಲಿ?

ಪ್ರಿಯ ಲೇಖಕರೇ,

ಹ್ಯೂಬರ್ಟ್ ಹಂಫ್ರಿ ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಅಮೆರಿಕದ ಸೌತ್ ಡಕೋಟಾದಲ್ಲಿ ಅಪ್ಪನ ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ಹುಟ್ಟಿ, 1965ರಲ್ಲಿ ದೇಶದ ಉಪಾಧ್ಯಕ್ಷರಾದವರ ಕಥೆ. ಇಸವಿಗಳು ಸರಿ ಇವೆ, ಭಾಷೆ ಚೊಕ್ಕವಾಗಿದೆ. ಆದರೆ ಎರಡು ವಾಕ್ಯ ಓದಿ ನನಗೆ ಸಿಟ್ಟು ಬಂತು.

ಮೊದಲನೆಯದು: 'ಬಡತನದ ಬೇಗೆಯಲ್ಲಿ ಬೆಂದ ಬಾಲಕ.' ಯಾವ ಬಡತನ? ಅವರು ಬೆಳೆದ ಡೋಲಂಡ್ ಊರಿನಲ್ಲಿ ಅವರದು ಅನುಕೂಲಸ್ಥ ಮನೆ. ಊರಿನ ಬ್ಯಾಂಕುಗಳು ಮುಚ್ಚಿದವು, 1927ರಲ್ಲಿ ಅಪ್ಪ ಸಾಲ ತೀರಿಸಲು ಮನೆ ಮಾರಿದರು. ಶಾಲೆಯಿಂದ ಬಂದ ಹುಡುಗನಿಗೆ ಕಂಡದ್ದು ಅಂಗಳದಲ್ಲಿ ಅಳುತ್ತಿದ್ದ ಅಮ್ಮ. ಇದ್ದ ಮನೆ ಕೈಬಿಟ್ಟು ಹೋಗುವುದೇ ಬೇರೆ, ಹುಟ್ಟಿನಿಂದ ಬಡತನವೇ ಬೇರೆ, ಅಲ್ವಾ? ಸಿದ್ಧ ಮಾತು ಸುಲಭವಾಗಿ ಕೈಗೆ ಸಿಕ್ಕಿತು, ಬರೆದುಬಿಟ್ಟಿರಿ. ಅದರಡಿ ಆ ತಾಯಿ ಮರೆಯಾದರು.

ಎರಡನೆಯದು: 'ಕೆಲಕಾಲ ಔಷಧ ವಿಜ್ಞಾನಿಯಾಗಿ ಸೇವೆ ಸಲ್ಲಿಸಿ, ನಂತರ ಸೆನೆಟರ್ ಆದರು.' ವಿಜ್ಞಾನಿ ಅಲ್ಲ ಸ್ವಾಮಿ, ಅಂಗಡಿಯವರು! ಡೆನ್ವರ್‌ನಲ್ಲಿ ಎರಡು ವರ್ಷದ ಫಾರ್ಮಸಿ ಕೋರ್ಸನ್ನು ಆರೇ ತಿಂಗಳಲ್ಲಿ ಮುಗಿಸಿ ಬಂದು, ಹ್ಯೂರನ್ ಎಂಬ ಊರಿನಲ್ಲಿ ಅಪ್ಪನ ಜೊತೆ 1937ರವರೆಗೆ ಗಲ್ಲೆಯ ಹತ್ತಿರ ನಿಂತವರು. ಆ ಅಂಗಡಿ ಜನರಿಗೆ ಮೂಗಿನ ಔಷಧಿ ಮಾರುತ್ತಿತ್ತು, ಹಂದಿಗಳಿಗೆ ಜಂತುಹುಳದ ಔಷಧಿಯನ್ನೂ ಮಾರುತ್ತಿತ್ತು. ರೈತರಿಗೆ ಗೊತ್ತಾಗಲೆಂದು ಬೀದಿಯ ಮೇಲೆ ಮರದ ಹಂದಿಯೊಂದನ್ನು ತೂಗುಹಾಕಿದ್ದರು. ನಿಮ್ಮ ಎಂಟು ಪುಟದಲ್ಲಿ ಆ ಹಂದಿ ಎಲ್ಲೂ ಇಲ್ಲ.

ಆಮೇಲೆ ಆ 'ನಂತರ'. 1945ರಲ್ಲಿ ಮಿನಿಯಾಪೊಲಿಸ್‌ನ ಮೇಯರ್ ಆದದ್ದು, 1948ರ ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ ಕರಿಯರ ಹಕ್ಕುಗಳ ಪರವಾಗಿ ಎದ್ದು ನಿಂತದ್ದು, ಎಲ್ಲವನ್ನೂ ಆ ಒಂದು ಪದ ನುಂಗಿತು. ಹೋಗಲಿ, ಸೆನೆಟ್‌ಗೆ ಬಂದ ಮೇಲಾದರೂ? ಯಾವ ಔಷಧಿಗೆ ಡಾಕ್ಟರ ಚೀಟಿ ಬೇಕು, ಯಾವುದಕ್ಕೆ ಬೇಡ ಎಂದು ಗೆರೆ ಎಳೆದ 1951ರ ಕಾನೂನಿಗೆ ಇವರದೇ ಹೆಸರಿದೆ. ಆ ಕಾನೂನಿನಲ್ಲಿ ಜೊತೆಗೆ ಹೆಸರಿರುವ ಸಂಸದ ಡರ್ಹಮ್ ಕೂಡ ಫಾರ್ಮಸಿಸ್ಟೇ. ಗಿರಾಕಿಯ ಮುಂದೆ ನಿಂತು ಗೊತ್ತಿದ್ದವರು ಬರೆದ ಕಾನೂನು ಅದು. ಅದನ್ನೇ ಬಿಟ್ಟಿದ್ದೀರಿ!

ನಾನು ವಾರಪತ್ರಿಕೆ ಸೇರಿದ ಹೊಸತರಲ್ಲಿ ನಮ್ಮೂರ ಮೆಡಿಕಲ್ ಶಾಪ್ ಯಜಮಾನರು ಪುರಸಭೆಗೆ ಗೆದ್ದರು. 'ಜನಸೇವಕ' ಅಂತ ಬರೆದುಕೊಂಡು ಹೋದೆ. ನಮ್ಮ ಸಂಪಾದಕರು ಓದಿ, "ಅವರು ಸಾಲದ ಪುಸ್ತಕ ಎಲ್ಲಿಡ್ತಾರೆ?" ಅಂದರು. ಗೊತ್ತಿರಲಿಲ್ಲ. ವಾಪಸ್ ಹೋಗಿ ಒಂದು ಸಂಜೆ ಪೂರ್ತಿ ಅಂಗಡಿಯಲ್ಲಿ ಸುಮ್ನೆ ಕೂತೆ. ಪುಸ್ತಕ ಗಲ್ಲೆಯ ಕೆಳಗಿತ್ತು. ಅದರಲ್ಲಿ 'ಕೆರೆ ಬೀದಿ ಅಜ್ಜಿ', 'ಮೂಲೆ ಮನೆ' ಅಂತೆಲ್ಲ ಬರೆದಿತ್ತು. ಒಬ್ಬ ಹೆಂಗಸು ಖಾಲಿ ಸ್ಟ್ರಿಪ್ ಹಿಡಿದು ಬಂದರು. ಯಜಮಾನರು "ಯಾರಿಗಮ್ಮಾ? ಜ್ವರ ಇಳೀತಾ?" ಅಂದು, ಕತ್ತರಿಯಲ್ಲಿ ನಾಲ್ಕೇ ಮಾತ್ರೆ ಕತ್ತರಿಸಿಕೊಟ್ಟರು. ನಾನು 'ಜನಸೇವಕ' ಹೊಡೆದುಹಾಕಿ ಆ ಕತ್ತರಿ ಬರೆದೆ. ಅದು ಅಚ್ಚಾಯಿತು.

ನಿಮ್ಮ ಲೇಖನ ನನಗೆ ಬೇಕು. ಹುದ್ದೆಗಳ ಪಟ್ಟಿ ತೆಗೆಯಿರಿ. ಅಂಗಳದಲ್ಲಿ ಅಳುವ ಅಮ್ಮನಿಂದ ಶುರುಮಾಡಿ, ಹ್ಯೂರನ್ ಅಂಗಡಿಗೆ ಎರಡು ಪುಟ ಕೊಡಿ, 1951ಕ್ಕೆ ಒಂದು. ಹದಿನೈದು ದಿನದೊಳಗೆ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

ಇತಿ,
ಸಂಪಾದಕ