‘ಸೂಜಿ ಚುಚ್ಚಿ ಹೋಗೋರಿಗೆ ಇದೆಲ್ಲ ಯಾಕೆ ಮೇಡಮ್?’

ಡಿಸ್ಚಾರ್ಜ್ ದಿನ ಬಿಲ್ ಕೌಂಟರಿನಲ್ಲಿ ಜನ ಜಗಳ ತೆಗೆಯುವುದು ಹೆಚ್ಚಾಗಿ ‘ಅನಸ್ತೇಷಿಯಾ ಚಾರ್ಜ್’ (ಅರಿವಳಿಕೆ, ಅಂದರೆ ಮತ್ತು ಕೊಟ್ಟದ್ದರ ಶುಲ್ಕ) ಎಂಬ ಸಾಲಿನ ಮೇಲೆ. “ಆಪರೇಷನ್ ಮಾಡಿದೋರಿಗೆ ಕೊಡೋಣ. ಸೂಜಿ ಚುಚ್ಚಿ ಹೋದೋರಿಗೂ ಇಷ್ಟಾ?” ಆಸ್ಪತ್ರೆಯ ಆಪ್ತಸಲಹೆಗಾರ್ತಿಯಾದ ನನ್ನ ಕೋಣೆ ಆ ಕೌಂಟರಿನ ಪಕ್ಕದಲ್ಲೇ ಇರುವುದರಿಂದ ಈ ಮಾತು ಕೇಳಿ ಕೇಳಿ ರೂಢಿಯಾಗಿತ್ತು. ಬರೀ ದುಡ್ಡಿನ ತಕರಾರು ಅಂದುಕೊಂಡಿದ್ದೆ. ರಂಗಪ್ಪನವರು ಬಂದು ಹೋದ ಮೇಲೆ ಹಾಗನ್ನಿಸುತ್ತಿಲ್ಲ.

ಹೆಸರು, ಊರು, ಕೆಲಸ ಎಲ್ಲ ಬದಲಿಸಿದ್ದೇನೆ. ವಯಸ್ಸು ಐವತ್ತಕ್ಕೆ ಹತ್ತಿರ, ಮಂಡಿಯಲ್ಲಿ ಲೆಕ್ಕ ಬರೆಯುವವರು. ಪಿತ್ತಕೋಶದಲ್ಲಿ ಕಲ್ಲು; ಹೊಟ್ಟೆಗೆ ಸಣ್ಣ ತೂತು ಮಾಡಿ ನಡೆಸುವ ಲ್ಯಾಪ್ರೋಸ್ಕೋಪಿ ಆಪರೇಷನ್ನಿಗೆ ಐದು ದಿನ ಬಾಕಿ. ಅರಿವಳಿಕೆ ಕೊಟ್ಟ ಮೇಲೆ ಎಚ್ಚರವೇ ಆಗದಿದ್ದರೆ ಎಂದು ರಾತ್ರಿಯೆಲ್ಲ ನಿದ್ದೆಗೆಡುತ್ತಾರೆ ಅಂತ ಹೊರರೋಗಿ ವಿಭಾಗದ ಸಿಸ್ಟರ್ ನನ್ನ ಹತ್ತಿರ ಕಳಿಸಿದ್ದರು. ಜೊತೆಗೆ ಹೆಂಡತಿ, ಅತ್ತೆ. “ಕಾಫಿ ಕುಡಿದು ಬನ್ನಿ” ಎಂದು ಅವರಿಬ್ಬರನ್ನೂ ಹೊರಗೆ ಕಳಿಸಿದೆ. ಇದು ನನ್ನ ಹಳೇ ಅಭ್ಯಾಸ.

ಭಯದ ಮಾತು ಎರಡು ನಿಮಿಷಕ್ಕೇ ಮುಗಿಯಿತು. ಒಳಗಿದ್ದದ್ದು ಸಿಟ್ಟು. “ಮತ್ತು ಕೊಡೋ ಡಾಕ್ಟ್ರಮ್ಮ ಬಾಯಿ ತೆಗೀರಿ, ನಾಲಿಗೆ ಚಾಚಿ, ಕತ್ತು ಹಿಂದಕ್ಕೆ ಬಗ್ಗಿಸಿ ಅಂದ್ರು. ಕಲ್ಲಿರೋದು ಹೊಟ್ಟೇಲಿ. ಬಾಯಲ್ಲಿ ಏನು ಹುಡುಕ್ತಾರೆ?”

“ಗುಟ್ಕಾ ಹಾಕ್ತೀರಾ?”

“ಮೊದಲು ಹಾಕ್ತಿದ್ದೆ. ಈಗ ಬರೀ ಅಡಿಕೆ.”

ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವ ಹಾಗೆ ಮೇಲಿನ ಹಲ್ಲು, ಕೆಳಗಿನ ಹಲ್ಲಿನ ನಡುವೆ ಇಟ್ಟು ನೋಡಿ ಎಂದೆ. ಎರಡು ಬೆರಳು ಒಳಗೆ ಹೋದವು. ಮೂರನೆಯದು ಹಲ್ಲಿಗೆ ತಾಗಿ ನಿಂತಿತು. ಬೆರಳನ್ನು ಬಾಯಲ್ಲಿಟ್ಟುಕೊಂಡೇ ನನ್ನ ಮುಖ ನೋಡಿದರು.

ನಾನು ವೈದ್ಯೆಯಲ್ಲ, ಸಮಾಜಕಾರ್ಯದಲ್ಲಿ ಎಂಎಸ್‌ಡಬ್ಲ್ಯೂ ಓದಿದವಳು. ಆದರೆ ಇಷ್ಟು ಹೇಳಲು ಡಾಕ್ಟರ್ ಬೇಕಿಲ್ಲ. ಈ ಆಪರೇಷನ್ನಿಗೆ ಮೈಯ ಸ್ನಾಯುಗಳನ್ನೆಲ್ಲ ಸಡಿಲ ಮಾಡುವ ಔಷಧಿ ಕೊಡುತ್ತಾರೆ. ಆಗ ತಾನಾಗಿ ನಡೆಯುವ ಉಸಿರೂ ನಿಲ್ಲುತ್ತದೆ. ಬಾಯಿಂದ ಶ್ವಾಸನಾಳಕ್ಕೆ ಕೊಳವೆ ಇಳಿಸಿ ಉಸಿರಾಡಿಸುವವರು ಆ ಡಾಕ್ಟ್ರಮ್ಮನೇ. ಅಡಿಕೆ, ಗುಟ್ಕಾ ಅಗಿದು ಬಾಯಿ ಬಿಗಿದವರಿಗೆ ಕೊಳವೆ ಇಳಿಸುವುದು ಕಷ್ಟ, ಅದಕ್ಕೆ ಮೊದಲೇ ಬೇರೆ ತಯಾರಿ ಬೇಕು. ಸರ್ಜನ್ ಹೊಟ್ಟೆಯ ಕಡೆ ನೋಡುತ್ತಿದ್ದರೆ ಇವರು ತಲೆಯ ಕಡೆ ಕೂತು ಬಿಪಿ, ನಾಡಿ, ಆಮ್ಲಜನಕ ನೋಡುತ್ತಿರುತ್ತಾರೆ. ಎಬ್ಬಿಸುವವರೂ ಅವರೇ.

“ಹೊರಗೆ ಹೋಗಲ್ವಾ?”

“ಇಲ್ಲ.”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಅವರು ಕುಡೀತೀರಾ ಅಂತ ಕೇಳಿದ್ರು. ಇಲ್ಲ ಅಂದೆ. ಅತ್ತೆ ಪಕ್ಕದಲ್ಲೇ ಇದ್ರು. ಸರ್ಜನ್ ಕೇಳಿದ್ರೆ ಹೇಳ್ತಿದ್ದೆನೇನೋ. ಸೂಜಿ ಚುಚ್ಚಿ ಹೋಗೋರಿಗೆ ಇದೆಲ್ಲ ಯಾಕೆ ಮೇಡಮ್ ಅನ್ನಿಸ್ತು.”

ದಿನಕ್ಕೆ ಮೂರು ನೈಂಟಿ. ಮೊದಲನೆಯದು ಬೆಳಗ್ಗೆ ಮಂಡಿಯ ದಾರಿಯಲ್ಲೇ. ಇಲ್ಲದಿದ್ದರೆ ಪೆನ್ನು ಹಿಡಿದ ಕೈ ನಡುಗುತ್ತದೆ. ಎರಡು ವರ್ಷದ ಹಿಂದೆ ಮನೆದೇವರ ಮುಂದೆ ಆಣೆ ಮಾಡಿ ಬಿಟ್ಟಿದ್ದರು, ಮತ್ತೆ ಕದ್ದು ಶುರುವಾಗಿತ್ತು. “ಆಪರೇಷನ್ ದಿನದಿಂದ ಮುಟ್ಟಲ್ಲ” ಎಂದರು, ನನ್ನನ್ನು ಮೆಚ್ಚಿಸುವವರಂತೆ.

ನನಗೆ ದಿಗಿಲಾದದ್ದು ಅದಕ್ಕೇ. ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ 6ರಿಂದ 24 ಗಂಟೆಯೊಳಗೆ ನಡುಕ, ಬೆವರು. ಕೆಲವರಿಗೆ ಫಿಟ್ಸ್. ಎರಡನೇ, ಮೂರನೇ ದಿನ ಕೆಲವರು ಇಲ್ಲದ್ದನ್ನೆಲ್ಲ ಕಂಡು ಬಡಬಡಿಸುತ್ತಾರೆ, ಡ್ರಿಪ್ ಕಿತ್ತೆಸೆಯುತ್ತಾರೆ. ಪ್ರಾಣಕ್ಕೇ ಕುತ್ತಾಗುವುದೂ ಉಂಟು. ಹೊಲಿಗೆ ಹಸಿಯಾಗಿರುವಾಗಲೇ ಇದೆಲ್ಲ. ಮನೆಯವರು ಆಗ ಏನನ್ನುತ್ತಾರೆ? “ಮತ್ತು ಜಾಸ್ತಿ ಕೊಟ್ಟು ತಲೆ ಕೆಡಿಸಿದರು.” ಈ ದೂರು ನನ್ನ ಕೋಣೆಗೆ ಒಂದಲ್ಲ, ಹಲವು ಸಲ ಬಂದಿದೆ.

ನಾನು ಕೊಟ್ಟ ಸಲಹೆ ಇಷ್ಟು: ಡಾಕ್ಟರ್ ಹೇಳದೆ ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ಇವತ್ತೇ ಡಾಕ್ಟ್ರಮ್ಮನ ಹತ್ತಿರ ಒಬ್ಬರೇ ಹೋಗಿ ಎಷ್ಟು, ಯಾವಾಗ, ಎಷ್ಟು ವರ್ಷದಿಂದ ಅನ್ನುವುದನ್ನು ಹೇಳಿ. ಹೆಂಡತಿಗೆ ಹೇಳುವುದು ಆಮೇಲಿನ ಮಾತು. ನೀವು ಹೇಳದಿದ್ದರೆ ನಾನು ಡಾಕ್ಟರಿಗೆ ಹೇಳಲೇಬೇಕಾಗುತ್ತದೆ.

ಕೊನೆಯ ಮಾತು ಬೆದರಿಕೆಯಾಯಿತು ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಇನ್ನೊಬ್ಬರದು ತದ್ವಿರುದ್ಧ: ಹೆಂಡತಿಯನ್ನು ಆಗಲೇ ಒಳಗೆ ಕರೆದು ಕೂರಿಸಬೇಕಿತ್ತಂತೆ. ನಾನು ಒಪ್ಪುವುದಿಲ್ಲ. ಗುಟ್ಟು ಕಾಪಾಡುವುದು ನನ್ನ ಕಸುಬು, ಆದರೆ ಪ್ರಾಣಕ್ಕೆ ಸಂಚಕಾರವಿದ್ದಾಗ ಅದಕ್ಕೊಂದು ಎಲ್ಲೆಯಿದೆ. ಆ ಎಲ್ಲೆ ಎಲ್ಲಿದೆ ಅಂತ ಮೊದಲೇ ತಿಳಿಸಿದೆ, ಬೆನ್ನ ಹಿಂದೆ ಹೋಗಿ ಹೇಳಲಿಲ್ಲ. ಇನ್ನು ಸಂಸಾರದ ಪಂಚಾಯಿತಿ ಅಲ್ಲೇ ತೆರೆದಿದ್ದರೆ ಅವರು ಅವತ್ತೇ ಬಸ್ಸು ಹತ್ತಿ ಊರಿಗೆ ಹೋಗಿಬಿಡುತ್ತಿದ್ದರು.

ತಪ್ಪು ರಂಗಪ್ಪನವರದಷ್ಟೇ ಅಲ್ಲ, ಜನರಿಗೆ ತಿಳಿಸಿ ಹೇಳದ ಆಸ್ಪತ್ರೆಯವರದೂ ಇದೆ. 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನಲ್ಲಿ ಈಥರ್ ಕೊಟ್ಟು ಎಲ್ಲರೆದುರು ಆಪರೇಷನ್ ಮಾಡಿ ತೋರಿಸಿದ ನೆನಪಿಗೆ ಆ ದಿನ ಅರಿವಳಿಕೆ ದಿನ. ನಮ್ಮಲ್ಲಿ ಅದರ ಬ್ಯಾನರ್ ಕಟ್ಟುವುದು ಆಪರೇಷನ್ ಥಿಯೇಟರ್ ಬಾಗಿಲಿನ ಒಳಗಡೆ! ರೋಗಿ ಅದನ್ನು ನೋಡಬೇಕಾದರೆ ಸ್ಟ್ರೆಚರ್ ಮೇಲೆ ಮಲಗಿಯೇ ನೋಡಬೇಕು. ‘ಕುಡೀತೀರಾ’ ಅನ್ನುವ ಪ್ರಶ್ನೆಯನ್ನು ಅತ್ತೆಯ ಎದುರು ಕೇಳಿ ನಿಜವಾದ ಉತ್ತರ ನಿರೀಕ್ಷಿಸುವವರು ನಾವು. ಆಪರೇಷನ್ ದಿನ ಬೆಳಗ್ಗೆ “ಎರಡೇ ಇಡ್ಲಿ” ತಿಂದು ಬಾಯಿ ಒರೆಸಿಕೊಂಡು ಬರುವವರದೂ ಇದೇ ಕಥೆ. ಆರು ಗಂಟೆ ಮೊದಲೇ ಊಟ ತಿಂಡಿ ನಿಲ್ಲಿಸಿ ಎನ್ನುತ್ತೇವೆ. ಪ್ರಜ್ಞೆ ಇಲ್ಲದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು ಅನ್ನುವುದನ್ನು ಎಷ್ಟು ಜನರಿಗೆ ಹೇಳಿದ್ದೇವೆ?

ರಂಗಪ್ಪ ಅವತ್ತೇ ಹೋಗಿ ಹೇಳಿದರು. ಆಪರೇಷನ್ ಮುಂದಕ್ಕೆ ಹೋಯಿತು. ಅಡ್ಮಿಟ್ ಮಾಡಿಕೊಂಡು ಮನೋವೈದ್ಯರ ನಿಗಾದಲ್ಲಿ ಕುಡಿತ ಬಿಡಿಸಿದರು, ಲಿವರ್ ಪರೀಕ್ಷೆಗಳಾದವು. ಐದು ವಾರದ ಮೇಲೆ ಕಲ್ಲು ತೆಗೆದರು. ಮನೆಯಲ್ಲಿ ಮಾತ್ರ ‘ಬಿಪಿ ಜಾಸ್ತಿ ಇತ್ತಂತೆ’ ಎಂದೇ ಹೇಳಿದ್ದರು.

ಡಿಸ್ಚಾರ್ಜ್ ದಿನ ಅವರ ಹೆಂಡತಿ ನನ್ನ ಕೋಣೆಗೆ ಬಂದರು. “ಮೇಡಮ್, ಇವರ ಬಿಪಿಗೆ ಅಡುಗೇಲಿ ಉಪ್ಪು ಕಮ್ಮಿ ಮಾಡ್ಲಾ?”

ರಂಗಪ್ಪ ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದರು. “ಮಾಡಮ್ಮ, ಒಳ್ಳೇದೇ” ಎಂದೆ. ಮುಂದಿನ ಬುಧವಾರ ಇಬ್ಬರೂ ಜೊತೆಯಲ್ಲೇ ಬನ್ನಿ ಎಂದು ಚೀಟಿ ಬರೆದುಕೊಟ್ಟೆ.