ಬಟವಾಡೆ ದಿನ ಬರುವ ಬೈಕ್ ಯಾರದು?

ಕಾಫಿ ಕೊಯ್ಲು ಶುರುವಾದರೆ ಸಾಕು, ಹೊರಗಿನ ಕೂಲಿಯವರ ಬಗ್ಗೆ ಇದೇ ಪ್ರಶ್ನೆಗಳು ಬರುತ್ತವೆ. ಮಡಿಕೇರಿಯಲ್ಲಿ ಕಾರ್ಮಿಕರ ಕೇಸು ನಡೆಸುವ ವಕೀಲನಾಗಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಈ ಸಲ ಒಂದಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ.

ಪ್ರಶ್ನೆ: ಸಿದ್ದಾಪುರದ ಹತ್ತಿರ ನಮ್ಮ ತೋಟ. ಲೈನ್ ಮನೆಯಲ್ಲಿ ಅಸ್ಸಾಂ ಕಡೆಯ 18 ಜನ ಇದ್ದಾರೆ. ಬಟವಾಡೆ ಆದ ಸಂಜೆ ಅವರದೇ ಊರಿನವನೊಬ್ಬ ಬೈಕಿನಲ್ಲಿ ಬಂದು ಎಲ್ಲರ ಹತ್ತಿರ ದುಡ್ಡು ತಗೊಂಡು ಹೋಗುತ್ತಾನೆ. ಕೇಳಿದರೆ ಚೀಟಿ ದುಡ್ಡು ಅಂತಾರೆ. ಇದು ಗ್ಯಾಂಗಾ? ಎಲ್ಲರನ್ನೂ ಕಳಿಸಿಬಿಡಲಾ?

ಉತ್ತರ: ಕಳಿಸಬೇಡಿ. ಅವರು ಪಕ್ಕದ ತೋಟಕ್ಕೆ ಹೋಗುತ್ತಾರೆ, ಬೈಕೂ ಹಿಂದೆಯೇ ಹೋಗುತ್ತದೆ.

ಮೊದಲು ಒಂದು ಮಾತು ಕೇಳಿ: ಹೋದ ತಿಂಗಳು ಚೀಟಿ ಎತ್ತಿದ್ದು ಯಾರು? ನಿಜವಾದ ಚೀಟಿಯಾದರೆ ಹೆಸರು ತಕ್ಷಣ ಬರುತ್ತದೆ. ಎಲ್ಲರೂ ನೆಲ ನೋಡಿದರೆ ಅದು ಚೀಟಿಯಲ್ಲ, ಹಫ್ತಾ.

ವಲಸೆ ಬಂದವರ ಗ್ಯಾಂಗು ಮೊದಲು ಹಿಂಡುವುದು ತನ್ನ ಜನರನ್ನೇ. ನ್ಯೂಯಾರ್ಕಿನಲ್ಲಿ ನೂರು ವರ್ಷದ ಹಿಂದೆ ಇಟಲಿಯ ಅಂಗಡಿಯವರಿಗೆ ಕಪ್ಪು ಕೈಯ ಚಿತ್ರ ಬರೆದ ಬೆದರಿಕೆ ಪತ್ರ ಕಳಿಸಿ ದುಡ್ಡು ಕೀಳುತ್ತಿದ್ದವರೂ ಇಟಲಿಯವರೇ. ಅವರ ಬೆನ್ನು ಹತ್ತಿದ ಪೊಲೀಸ್ ಅಧಿಕಾರಿ ಜೋ ಪೆಟ್ರೊಸಿನೊ ಕೂಡ ಇಟಲಿಯಲ್ಲಿ ಹುಟ್ಟಿದವನು. 1909ರಲ್ಲಿ ಇಟಲಿಯ ಪಲೆರ್ಮೊದಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಆಮೇಲೆ ಅಮೆರಿಕದಲ್ಲಿ 1920ರಿಂದ 1933ರವರೆಗಿದ್ದ ಪಾನನಿಷೇಧ ಇಂಥ ಗ್ಯಾಂಗುಗಳ ಕೈಗೆ ಕೋಟಿ ಕೋಟಿ ದುಡ್ಡು ಕೊಟ್ಟಿತು. ಭಾಷೆ ಬಾರದ, ಠಾಣೆಗೆ ಹೆದರುವ ಜನ ಇದ್ದಲ್ಲಿ ಇದು ಬೆಳೆಯುತ್ತದೆ. ರಕ್ತದಲ್ಲಿ ಬರುವುದಲ್ಲ.

ನನ್ನ ಹತ್ತಿರ ಬಂದ ಒಬ್ಬ ಹುಡುಗನ ಎಟಿಎಂ ಕಾರ್ಡು ಕೂಲಿಗೆ ಕರೆತಂದ ಮೇಸ್ತ್ರಿಯ ಚೀಲದಲ್ಲಿತ್ತು. ಕಾರ್ಡಿನ ಹಿಂದೆ ಬ್ಯಾಂಡೇಜ್ ಪಟ್ಟಿ ಅಂಟಿಸಿ ಅದರ ಮೇಲೆ ಪಿನ್ ಬರೆದಿದ್ದರು. ರೈಲು ಚಾರ್ಜಿನ ಮುಂಗಡ ತೀರಲಿಲ್ಲ ಅನ್ನುವುದೊಂದೇ ಕಾರಣ. ಯರವ ಬುಡಕಟ್ಟಿನವರನ್ನು ಸಾಲದಲ್ಲಿ ಕಟ್ಟಿಹಾಕಿದ್ದ ಜಿಲ್ಲೆ ನಮ್ಮ ಕೊಡಗು. ಇದು ನಮಗೆ ಗೊತ್ತಿಲ್ಲದ ರೋಗವಲ್ಲ.

ಆದ್ದರಿಂದ ಕೂಲಿಯನ್ನು ಮೇಸ್ತ್ರಿ ಕೈಗೆ ಕೊಡಬೇಡಿ, ಒಬ್ಬೊಬ್ಬರ ಖಾತೆಗೇ ಹಾಕಿ. ಕಾರ್ಡು, ಆಧಾರ್ ಯಾರ ಹತ್ತಿರ ಇದೆ ನೋಡಿ. ಒಬ್ಬೊಬ್ಬರನ್ನೇ ಕಣದ ಹತ್ತಿರ ಕರೆದು ಮಾತಾಡಿಸಿ. ಭಾಷೆ ಹೇಳುವವನು ಅದೇ ಗುಂಪಿನವನಾಗಬಾರದು. ಬೈಕಿನ ನಂಬರ್, ಬಂದ ದಿನ ಬರೆದಿಡಿ. ಅವನನ್ನು ನೀವೇ ತಡೆಯಲು ಹೋಗಬೇಡಿ, ದಯವಿಟ್ಟು. ಠಾಣೆಗೆ ದೂರು ಕೊಡಿ. ಸಾಲಕ್ಕೆ ದುಡಿಸುತ್ತಿದ್ದರೆ ಜಿಲ್ಲಾಧಿಕಾರಿಗೂ ಬರೆಯಿರಿ. 1976ರ ಜೀತ ಪದ್ಧತಿ ರದ್ದು ಕಾಯ್ದೆಯ ಪ್ರಕಾರ ಆ ಸಾಲ ತೀರಿಸಬೇಕಾಗಿಯೇ ಇಲ್ಲ.

ಪ್ರಶ್ನೆ: ಅಸ್ಸಾಮಿನವರೆಲ್ಲ ಬಾಂಗ್ಲಾದವರು ಅಂತಾರಲ್ಲ?

ಸುಳ್ಳು. ವಾಟ್ಸಾಪಿನಲ್ಲಿ ಅವರ ಫೋಟೋ ಹಾಕುವುದನ್ನು ಮೊದಲು ನಿಲ್ಲಿಸಿ.

ಪ್ರಶ್ನೆ: ಎಲ್ಲರ ಮೇಲೂ ಸಂಘಟಿತ ಅಪರಾಧದ ಸೆಕ್ಷನ್ ಹಾಕಿಸಬಹುದಾ?

ಭಾರತೀಯ ನ್ಯಾಯ ಸಂಹಿತೆಯ 111ನೇ ಸೆಕ್ಷನ್ ಸಿಟ್ಟಿಗೆ ಹಾಕಿಸುವಂಥದ್ದಲ್ಲ. ಹಿಂದಿನ 10 ವರ್ಷದಲ್ಲಿ ಒಂದಕ್ಕಿಂತ ಜಾಸ್ತಿ ಚಾರ್ಜ್‌ಶೀಟ್ ಇರಬೇಕು.

ಪ್ರಶ್ನೆ: ಏಜೆಂಟ್ ಒಬ್ಬ ದುಡ್ಡು ತಗೊಂಡು 'ಪೊಲೀಸ್ ವೆರಿಫಿಕೇಶನ್' ಪತ್ರ ಕೊಡುತ್ತೇನೆ ಅಂತಾನೆ. ತಗೊಳ್ಳಲಾ?

ಬೇಡ. ಅವನ ಮೇಲೂ ದೂರು ಕೊಡಿ.